ರಜೆಗೆ ಕಾದ ಕಾಗದ

ನಮ್ಮ ನ್ಯಾಮತಿಯ ಮನೆಯಲ್ಲಿ ಇಂಗ್ಲಿಷ್ ಕಾಗದ ಓದುವುದಕ್ಕೆ ಒಂದು ಶಾಸ್ತ್ರವಿತ್ತು. ಮುಂದೆ ಅಪ್ಪನ ಜವಳಿ ಅಂಗಡಿ, ಅದರ ಹಿಂದೆ ಪಡಸಾಲೆ, ಪಡಸಾಲೆಯ ಬಲಕ್ಕೆ ದೇವರ ಕೋಣೆ, ಎಡಕ್ಕೆ ಅಡುಗೆಮನೆ. ಪಡಸಾಲೆಯ ಗೋಡೆಯೊಳಗೆ ಒಂದು ಕಪಾಟಿತ್ತು. ಅದರ ಮೇಲಿನ ಖಾನೆಯಲ್ಲಿ ಅಪ್ಪನ ವಿಭೂತಿ ಗಟ್ಟಿ, ಕನ್ನಡಕದ ಡಬ್ಬಿ, ಮತ್ತು ಇಂಗ್ಲಿಷಿನಲ್ಲಿ ವಿಳಾಸ ಬರೆದ ಲಕೋಟೆಗಳು. ಅವನ್ನು ಯಾರೂ ಒಡೆಯುವಂತಿರಲಿಲ್ಲ. ದಾವಣಗೆರೆಯ ಕಾನ್ವೆಂಟ್ ಬೋರ್ಡಿಂಗಿನಿಂದ ನಾನು ರಜೆಗೆ ಬರುವವರೆಗೆ ಅವು ಅಲ್ಲೇ ಕಾಯಬೇಕು. ನಾನು ಬಂದ ಮಾರನೆಯ ಬೆಳಿಗ್ಗೆ, ಎಲ್ಲರ ಸ್ನಾನ ಮುಗಿದು, ಅಪ್ಪನ ಲಿಂಗಪೂಜೆ ಆದಮೇಲೆ, ತಿಂಡಿಗೆ ಮೊದಲು, ಪಡಸಾಲೆಯ ನಡುವೆ ಚಾಪೆ ಹಾಸುತ್ತಿದ್ದರು. ಅಜ್ಜಿ ಕಂಬಕ್ಕೆ ಒರಗಿ ಕೂರುವಳು. ಅವ್ವ ರೊಟ್ಟಿ ಹಿಟ್ಟಿನ ಕೈಯಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುವಳು. ಅಪ್ಪ ಅಂಗಡಿಯ ಗಿರಾಕಿಗಳಿಗೂ ಕೇಳುವ ಹಾಗೆ ನಡುಬಾಗಿಲು ತೆರೆದಿಡುತ್ತಿದ್ದರು.

"ಒಂದ್ ಗಳಿಗೆ ಕೂತ್ಕಳ್ರಿ. ಮಗಳು ಕಾಗದ ಓದಾಕೆ ಬಂದವಳೆ."

"ಮೊದ್ಲು ಇಂಗ್ಲಿಷ್ನಾಗೆ ಓದವ್ವ," ಅನ್ನುವಳು ಅಜ್ಜಿ. "ಕಿವಿ ತುಂಬ್ಕಂತೀನಿ. ಆಮೇಲೆ ಅರ್ಥ ಹೇಳಿವಂತೆ."

ನಾನು ಬೆನ್ನು ನೆಟ್ಟಗೆ ಮಾಡಿ, ಸಿಸ್ಟರ್ ಕಲಿಸಿದ ಪ್ರನನ್ಸಿಯೇಷನ್ನಿನಲ್ಲಿ, ಎಲ್ಲೂ ತಡವರಿಸದೆ ಓದುತ್ತಿದ್ದೆ. ಬಹುಪಾಲು ಅವು ಸೇಲ್ಸ್ ಟ್ಯಾಕ್ಸ್ ಕಚೇರಿಯ ನೋಟಿಸುಗಳು, ಇಲ್ಲವೇ ಬಟ್ಟೆ ಮಿಲ್ಲಿನವರ ಸರ್ಕ್ಯುಲರುಗಳು. ಆದರೂ ಮುಗಿದಾಗ ಯಾರಾದರೊಬ್ಬ ಗಿರಾಕಿ "ಭೇಷ್!" ಅನ್ನದೆ ಇರುತ್ತಿರಲಿಲ್ಲ. ಅರ್ಥ ಹೇಳುವ ಮುಂಚೆ ಅಪ್ಪ ನಡುಬಾಗಿಲು ಮುಚ್ಚುತ್ತಿದ್ದರು, ಅದು ಮನೆಯವರಿಗೆ ಮಾತ್ರ. ಆ ಚಾಪೆಯಿಂದ ಎದ್ದಮೇಲೆ ನಾನು ಮತ್ತೆ ಹೆಣ್ಣುಮಗಳೇ, ನೀರು ಸೇದುವುದು, ಅಕ್ಕಿ ಆರಿಸುವುದು. ಚಾಪೆಯ ಮೇಲೆ ಇದ್ದಷ್ಟು ಹೊತ್ತು ಮಾತ್ರ ಆ ಮನೆ ನನ್ನ ಬಾಯಿ ನೋಡುತ್ತಿತ್ತು. ಆ ರುಚಿ ಎಂಥದ್ದು ಎಂದು ಹದಿನಾಲ್ಕು ವರ್ಷಕ್ಕೇ ನನಗೆ ತಿಳಿದಿತ್ತು.

ಈ ಪದ್ಧತಿ ಹುಟ್ಟಿದ್ದು ಒಂದು ಅವಮಾನದಿಂದ. ಒಮ್ಮೆ ಅಪ್ಪ ಒಂದು ನೋಟಿಸನ್ನು ಪರಿಚಯದ ಗುಮಾಸ್ತರೊಬ್ಬರ ಕೈಯಲ್ಲಿ ಓದಿಸಿದರು. ಸಂಜೆಯೊಳಗೆ ಅದರಲ್ಲಿ ಏನಿತ್ತು ಎನ್ನುವುದು ಊರಿಗೆಲ್ಲ ಗೊತ್ತಾಗಿತ್ತು. ಆವತ್ತು ಅಪ್ಪ ಊಟ ಮಾಡಲಿಲ್ಲವಂತೆ. ಮನೆಯ ಕಾಗದ ಮನೆಯವರೇ ಓದಬೇಕು ಎಂದು ತೀರ್ಮಾನಿಸಿದರು. ಅಣ್ಣ ರುದ್ರೇಶ ಎಸ್ಸೆಸ್ಸೆಲ್ಸಿಗೆ ಎರಡು ಸಲ ಕೂತು ಎರಡು ಸಲವೂ ಇಂಗ್ಲಿಷಿನಲ್ಲೇ ಫೇಲಾಗಿದ್ದ. ಉಳಿದವಳು ನಾನು. ಹೆಣ್ಣುಮಗಳನ್ನು ಕಾನ್ವೆಂಟಿಗೆ ಹಾಕಿದ ಮೊದಲ ಜವಳಿ ಅಂಗಡಿಯವರು ಎಂದು ಹೊನ್ನಾಳಿಯವರೆಗೆ ಅಪ್ಪನಿಗೆ ಹೆಸರು ಬಂತು. ನನ್ನನ್ನು ಓದಿಸಿದ್ದು ನನಗಾಗಿ ಅಲ್ಲ, ಕಪಾಟಿನ ಮೇಲಿನ ಖಾನೆಗಾಗಿ. ಇದನ್ನು ನಾನು ಕೃತಘ್ನತೆಯಿಂದ ಹೇಳುತ್ತಿಲ್ಲ, ಇದ್ದದ್ದು ಹಾಗೆ.

ಅಣ್ಣನಿಗೆ ಬಂದದ್ದು ಬೇರೆ ವಿದ್ಯೆ. ಊರಿನ ಹೈಸ್ಕೂಲಿಗೆ ಕೋಲಾರದ ಗಣಿ ಕಡೆಯಿಂದ ಒಬ್ಬರು ಪೀಟಿ ಮೇಷ್ಟ್ರು ವರ್ಗವಾಗಿ ಬಂದಿದ್ದರು. ಮನೆಮಾತು ತಮಿಳು. ಅವರ ಟ್ರಂಕಿನಲ್ಲಿ ಬಟ್ಟೆಗಿಂತ ಹೆಚ್ಚು ಫುಟ್ಬಾಲುಗಳಿದ್ದವು ಎಂದು ಹುಡುಗರು ಹೇಳುತ್ತಿದ್ದರು. ಸಂತೆ ಇಲ್ಲದ ದಿನಗಳಲ್ಲಿ ಸಂತೆ ಮೈದಾನವೇ ಅವರ ಫೀಲ್ಡು. ಮಿಡ್‌ಫೀಲ್ಡರ್ ಎನ್ನುವ ಮಾತು ನಮ್ಮ ಕಡೆ ಆಗಿನ್ನೂ ಬಂದಿರಲಿಲ್ಲ, 'ಹಾಫ್' ಅನ್ನುತ್ತಿದ್ದರು. ಮೇಷ್ಟ್ರು ಅಣ್ಣನನ್ನು ನಡುವೆ ನಿಲ್ಲಿಸಿದರು. ಗೆದ್ದು ಬಂದ ದಿನಗಳಲ್ಲೂ ಊಟದ ಹೊತ್ತಿಗೆ ಅಪ್ಪನದು ಒಂದೇ ಪ್ರಶ್ನೆ.

"ಎಷ್ಟು ಗೋಲು ಹೊಡ್ದೆಯೋ?"

"ನಾನು ಹೊಡೆಯಾಕೆ ಹೋಗಲ್ಲಪ್ಪ. ಹೊಡೆಯೋರಿಗೆ ಬಾಲ್ ಕೊಡ್ತೀನಿ."

"ಅಂದ್ರೆ, ನಮ್ಮ ಅಂಗಡಿ ಬಾಗ್ಲಾಗೆ ನಿಂತ್ಕಂಡು ಎದುರಂಗಡಿಗೆ ಗಿರಾಕಿ ಕಳ್ಸೋ ಕೆಲ್ಸ ಅನ್ನು."

ಅಣ್ಣ ತಲೆ ತಗ್ಗಿಸಿ ನಗುತ್ತಾ ಮುದ್ದೆ ಮುರಿಯುತ್ತಿದ್ದ. ಉತ್ತರವಿದ್ದದ್ದು ಅವ್ವನ ಓಡಾಟದಲ್ಲಿ. ಒಲೆಗೂ ಪಂಕ್ತಿಗೂ ನಡುವೆ ಅವಳು ತಿರುಗುತ್ತಿದ್ದ ರೀತಿ, ಯಾರ ತಟ್ಟೆ ಯಾವಾಗ ಬರಿದಾಗುತ್ತದೆ ಎಂದು ಬೆನ್ನು ಹಾಕಿ ನಿಂತಾಗಲೂ ಗೊತ್ತಿರುತ್ತಿದ್ದ ರೀತಿ. ಅಣ್ಣ ಆಡುತ್ತಿದ್ದುದು ಅದೇ ಆಟ. ಅವ್ವನ ಕೆಲಸಕ್ಕೂ ಆ ಮನೆಯಲ್ಲಿ ಯಾರೂ ಸ್ಕೋರ್ ಇಡುತ್ತಿರಲಿಲ್ಲ.

ಒಮ್ಮೆ ದೊಡ್ಡ ಜಗಳವೇ ಆಯಿತು. ಅಣ್ಣ ಹಿತ್ತಿಲ ಬಾಗಿಲಿಂದ ಒಳಗೆ ಬಂದವನನ್ನು ಅಜ್ಜಿ ತಡೆದು ನಿಲ್ಲಿಸಿದಳು.

"ಬಾಯಿ ತೆಗಿ. ಊದು."

ಅವನು ಊದಿದ.

"ಮೊಟ್ಟೆ ತಿಂದೀಯಾ!"

"ಒಂದೇ ಒಂದು, ಅಜ್ಜಿ. ಕಾಲಿಗೆ ಶಕ್ತಿ ಬರ್ತೈತೆ ಅಂತ ಮೇಷ್ಟ್ರು ಕೊಟ್ರು."

"ಕಾಲಿಗೆ ಬೇಕಿದ್ರೆ ಕಾಲಿಗೆ ತಿಕ್ಕಂತಿದ್ದೆ. ಬಾಯಾಗೆ ಯಾಕೆ ಹಾಕ್ಕಂಡೆ?"

ಅಡುಗೆಮನೆಯ ಗೋಡೆಯ ಆಚೆ ಅವ್ವ ಸೆರಗು ಕಚ್ಚಿಕೊಂಡು ನಕ್ಕಳು. ಆದರೆ ಅಜ್ಜಿಯದು ತಮಾಷೆಯಾಗಿರಲಿಲ್ಲ. ಅವನಿಗೆ ತಣ್ಣೀರು ಸ್ನಾನ ಮಾಡಿಸಿ, ವಿಭೂತಿ ಹಚ್ಚಿಸಿ, ಒಂದು ತಿಂಗಳು ಬೇರೆ ತಟ್ಟೆ, ಬೇರೆ ಲೋಟ ಇಟ್ಟಳು. ಪಂಕ್ತಿಯ ಕೊನೆಯಲ್ಲಿ, ಬಾಗಿಲ ಹತ್ತಿರ ಅವನ ಜಾಗ. ಅಣ್ಣ ಅಲ್ಲೇ ಕೂತು ಉಂಡ. ಆಟವನ್ನೂ ಬಿಡಲಿಲ್ಲ, ಮೊಟ್ಟೆಯನ್ನೂ ಬಿಟ್ಟಿರಲಾರ.

ಅವನು ಆಡುವುದನ್ನು ನಾನು ಸರಿಯಾಗಿ ನೋಡಿದ್ದು ಒಂದೇ ಸಲ, ಚನ್ನಗಿರಿಯಲ್ಲಿ. ಹಿಂಗಾರು ಜೋಳ ಬಿತ್ತುವ ಹೊತ್ತು, ನನಗೆ ದಸರಾ ರಜೆ. ಮೇಷ್ಟ್ರ ಹೆಂಡತಿಯ ಜೊತೆ ಹೋಗಲು ಅವ್ವ ಹೇಗೋ ಒಪ್ಪಿಗೆ ಕೊಡಿಸಿದ್ದಳು. ಬಾಲು ಅವನ ಕಾಲಿಗೆ ಬಂದಾಗ ಎಲ್ಲರೂ ಬಾಲನ್ನು ನೋಡುತ್ತಿದ್ದರು, ಅವನೊಬ್ಬ ನೋಡುತ್ತಿರಲಿಲ್ಲ. ಗೋಲಿಗೆ ಬೆನ್ನು ಹಾಕಿ ನಿಂತವನು ಒಂದೇ ಬಳುಕಿನಲ್ಲಿ ತಿರುಗುತ್ತಿದ್ದ. ತಿರುಗುವಷ್ಟರಲ್ಲಿ ಬಾಲು ಹೊರಟುಹೋಗಿರುತ್ತಿತ್ತು, ಯಾರೂ ಇಲ್ಲದ ಜಾಗಕ್ಕೆ. ಮರುಕ್ಷಣ ಅಲ್ಲಿ ಅವನ ಕಡೆಯವನೊಬ್ಬ ಇರುತ್ತಿದ್ದ. ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆ.

"ಅಲ್ಲಿ ಅವನು ಬರ್ತಾನೆ ಅಂತ ನಿಂಗೆ ಹೆಂಗೆ ಗೊತ್ತಾಯ್ತೋ?"

"ಬಾಲ್ ಬರಾಕೆ ಮುಂಚೆನೇ ತಿರುಗಿ ನೋಡ್ಕಂಡಿರಬೇಕು ಪುಟ್ಟಿ. ಬಂದ್ಮೇಲೆ ನೋಡಿದ್ರೆ ಲೇಟು."

ಮುಂದಿನ ವರ್ಷ ದಾವಣಗೆರೆಯ ಒಂದು ಟೂರ್ನಮೆಂಟಿನಲ್ಲಿ ಅವನನ್ನು ನೋಡಿದ ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆಯವರು ತಮ್ಮ ಟೀಮಿಗೆ ಕರೆದುಕೊಂಡರು. ಹೆಸರಿಗೆ ಸ್ಟೋರ್ಸಿನಲ್ಲಿ ಹೆಲ್ಪರ್, ಬೆಳಿಗ್ಗೆ ಪ್ರಾಕ್ಟೀಸು, ಮಧ್ಯಾಹ್ನದ ಮೇಲೆ ಡ್ಯೂಟಿ. ಅಪ್ಪ ಊರಿಗೆಲ್ಲ ಪೇಡೆ ಹಂಚಿದರು. "ಮಗನಿಗೆ ಕಾರ್ಖಾನೇಲಿ ಕೆಲ್ಸ ಆತು," ಎಂದರೇ ಹೊರತು ಫುಟ್ಬಾಲ್ ಎನ್ನುವ ಮಾತನ್ನು ಬಾಯಿಗೆ ತರಲಿಲ್ಲ. ಕಾಗದ ಓದುವ ಶಾಸ್ತ್ರ ಬೆಳೆದದ್ದು ಅವನು ಹೋದಮೇಲೆ. ಅದು ಎಷ್ಟು ಗಟ್ಟಿಯಾಗಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ನನ್ನ ಅಣ್ಣನ ಬಾಳು ಈ ಸಣ್ಣ ಗೊತ್ತಿಲ್ಲದಿರುವಿಕೆಯಲ್ಲಿ ಸಿಕ್ಕಿಕೊಂಡಿತು.

ಅವನು ಹೋದ ಎರಡನೆಯ ವರ್ಷ ಕಲ್ಕತ್ತದ ಒಂದು ಕ್ಲಬ್ಬಿನವರು ಬೆಂಗಳೂರಿಗೆ ಬಂದಿದ್ದರು. ಅಲ್ಲಿ ಆಟವೇ ಕೆಲಸ. ಸ್ಟೋರ್ಸು, ಡ್ಯೂಟಿ ಒಂದೂ ಇಲ್ಲ. ಅವರ ಕಡೆಯ ಒಬ್ಬ ಹಿರಿಯರು ಅಣ್ಣನನ್ನು ಪಕ್ಕಕ್ಕೆ ಕರೆದು, ನಿನ್ನನ್ನು ತೆಗೆದುಕೊಳ್ಳುತ್ತೇವೆ, ಕಾಗದ ಬರೆಯುತ್ತೇವೆ ಎಂದರಂತೆ. ಕಾರ್ಖಾನೆಗೆ ಬರೆದರೆ ಆಫೀಸಿನಲ್ಲೇ ಒಡೆಯುತ್ತಾರೆ, ಕೆಲಸ ಹೋಗುತ್ತದೆ ಎಂದು ಅಣ್ಣ ಊರಿನ ವಿಳಾಸ ಕೊಟ್ಟ. ಮೈನರ್ ಎಂದುಕೊಂಡರೋ ಏನೋ, ಅವರು ಅಪ್ಪನ ಹೆಸರಿಗೇ ಬರೆದರು. ಶಿವರಾತ್ರಿ ಕಳೆದ ವಾರ ಅದು ನ್ಯಾಮತಿಗೆ ಬಂತು. ಪೋಸ್ಟ್‌ಮ್ಯಾನ್ ಕೊಟ್ಟಾಗ ಪೀಟಿ ಮೇಷ್ಟ್ರು ಅಂಗಡಿಯಲ್ಲೇ ಇದ್ದರು, ಪಂಚೆ ನೋಡುತ್ತಾ. ಮುಂದಿನದನ್ನು ನನಗೆ ಹೇಳಿದವಳು ಅವ್ವ.

"ಕಲ್ಕತ್ತ ಮುದ್ರೆ ಇರೋ ಹಂಗಿದೆ ಸಾರ್. ಕೊಡಿ, ನಾನು ನೋಡ್ತೇನೆ."

"ಯಾಕ್ರೀ ಮೇಷ್ಟ್ರೇ? ನಮ್ಮನ್ಯಾಗೆ ಓದೋರಿಲ್ವಾ?"

"ಅಲ್ಲ ಸಾರ್, ಅರ್ಜೆಂಟಿದ್ರೆ..."

"ಮಿಲ್ಲಿನೋರದ್ದು ಯಾವತ್ತು ಅರ್ಜೆಂಟ್ ಇರ್ತೈತೆ? ಮಗಳು ಬೇಸಿಗೆ ರಜಕ್ಕೆ ಬರ್ತಾಳೆ, ಓದ್ತಾಳೆ. ನೀವು ಪಂಚೆ ನೋಡ್ರಿ."

ಲಕೋಟೆ ಕಪಾಟಿಗೆ ಹೋಯಿತು. ಯುಗಾದಿಗೆ ಅಣ್ಣ ಒಂದು ದಿನದ ಮಟ್ಟಿಗೆ ಬಂದ. ಬೇವುಬೆಲ್ಲ ತಿಂದು, ಹೋಳಿಗೆಗೆ ಕೂತಾಗ ಅಪ್ಪನನ್ನು ಕೇಳಿದನಂತೆ.

"ನಂಗೇನಾದ್ರೂ ಕಾಗದ ಬಂದಿತ್ತಾ ಅಪ್ಪ?"

"ನಿನ್ನ ಹೆಸರಿಗೆ ಯಾವ್ದೂ ಬಂದಿಲ್ಲಪ್ಪ."

ಅಪ್ಪ ಸುಳ್ಳು ಹೇಳಲಿಲ್ಲ. ಜೀವಮಾನದಲ್ಲಿ ಅವರು ನಮ್ಮೊಡನೆ ಸುಳ್ಳು ಹೇಳಿದ್ದು ನನಗೆ ನೆನಪಿಲ್ಲ. ಅಣ್ಣನ ಬೆನ್ನಿಗೂ ಕಪಾಟಿನ ಬಾಗಿಲಿಗೂ ನಾಲ್ಕು ಅಡಿ ಇತ್ತು. ಅವನು ಇನ್ನೊಂದು ಹೋಳಿಗೆ ಬೇಡ ಎಂದು ಎದ್ದ. ಸಂಜೆ ಬಸ್ಸಿಗೆ ಹೋದ.

ಪರೀಕ್ಷೆ ಮುಗಿಸಿ ನಾನು ಬಂದಾಗ ಯುಗಾದಿ ಕಳೆದು ಹತ್ತು ಹನ್ನೆರಡು ದಿನವಾಗಿತ್ತು. ಮಾರನೆಯ ಬೆಳಿಗ್ಗೆ ಚಾಪೆ ಹಾಸಿದರು. ಮೂರು ಲಕೋಟೆಗಳಲ್ಲಿ ಅದು ಕೊನೆಯದು. ದಪ್ಪ ಬಾಂಡ್ ಪೇಪರು, ಮೇಲೆ ಕ್ಲಬ್ಬಿನ ಲಾಂಛನ, ಜೊತೆಗೆ ಸಹಿ ಹಾಕಬೇಕಾದ ಒಂದು ಫಾರಂ. ಅಂಥ ಸುಂದರವಾದ ಕಾಗದ ನಮ್ಮ ಮನೆಗೆ ಯಾವತ್ತೂ ಬಂದಿರಲಿಲ್ಲ. ನಾನು ದನಿ ಎತ್ತಿ 'ಡಿಯರ್ ಸರ್' ಎಂದು ಶುರುಮಾಡಿದೆ. ನಿಮ್ಮ ಮಗನ ಆಟವನ್ನು ನೋಡಿದ್ದೇವೆ; ಅಷ್ಟು ಎಳೆಯ ವಯಸ್ಸಿನಲ್ಲಿ ಅಂಥ ದೃಷ್ಟಿ ಇರುವ ಮಿಡ್‌ಫೀಲ್ಡರ್ ಅಪರೂಪ; ಬರುವ ಸೀಸನ್ನಿಗೆ ಅವನನ್ನು ನಮ್ಮ ತಂಡಕ್ಕೆ ತೆಗೆದುಕೊಳ್ಳಲು ನಿಮ್ಮ ಕನ್ಸೆಂಟ್ ಕೇಳುತ್ತಿದ್ದೇವೆ. ಅಣ್ಣನ ಹೆಸರು ಬಂದಾಗ ಅಜ್ಜಿ ಕಂಬ ಬಿಟ್ಟು ಮುಂದೆ ಬಾಗಿದಳು. ಕೊನೆಯ ಪ್ಯಾರಾದಲ್ಲಿ ತಾರೀಕಿತ್ತು. ಅಷ್ಟರೊಳಗೆ ಫಾರಂ ತಲುಪದಿದ್ದರೆ ಆತನಿಗೆ ಇಷ್ಟವಿಲ್ಲವೆಂದು ತಿಳಿಯುತ್ತೇವೆ ಎಂದಿತ್ತು. ಆ ತಾರೀಕು ಕಳೆದು ಒಂದು ವಾರವಾಗಿತ್ತು. ನನ್ನ ನಾಲಿಗೆ ಮಾತ್ರ ತಡವರಿಸಲಿಲ್ಲ. 'ಯುವರ್ಸ್ ಫೇತ್‌ಫುಲಿ' ಎನ್ನುವವರೆಗೆ ಸಲೀಸಾಗಿ ಓದಿದೆ.

"ಏನ್ ಬರ್ದವ್ರೆ? ನಮ್ ರುದ್ರಂದು?" ಎಂದರು ಅಪ್ಪ.

ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ. ಆ ಗಳಿಗೆಯಲ್ಲಿ ನನಗೆ ಅಣ್ಣ ನೆನಪಾಗಲಿಲ್ಲ. ನೆನಪಾದದ್ದು ಚಾಪೆ. ನಾನು ನಿಜ ಹೇಳಿದರೆ, ಈ ಕಾಗದ ಒಂದು ತಿಂಗಳು ಕಾದದ್ದು ಯಾರಿಗಾಗಿ ಎಂದು ಎಲ್ಲರಿಗೂ ತಿಳಿಯುತ್ತಿತ್ತು. ಅಪ್ಪ ಇನ್ನು ಮುಂದೆ ಕಾಗದಗಳನ್ನು ಮೇಷ್ಟ್ರಿಗೇ ಕೊಡುತ್ತಿದ್ದರು. ಅವ್ವ ನನ್ನನ್ನು ಹೇಗೆ ನೋಡುತ್ತಿದ್ದಳೋ.

"ಅಣ್ಣ ಚೆನ್ನಾಗಿ ಆಡ್ತಾನಂತೆ ಅಪ್ಪ. ಇಂಥ ಮಗನ್ನ ಪಡೆದ ನೀವು ಪುಣ್ಯವಂತರಂತೆ."

"ಅಷ್ಟು ಉದ್ದ ಓದಿದೆ, ಇಷ್ಟೇನಾ?" ಎಂದಳು ಅಜ್ಜಿ.

"ಇಂಗ್ಲಿಷು ಹಂಗೇ ಅಜ್ಜಿ. ಉದ್ದ ಇರ್ತೈತೆ."

ಎಲ್ಲರೂ ನಕ್ಕರು. ಅಪ್ಪನ ಮುಖ ಅರಳಿತ್ತು. ಆ ಆಟದ ಬಗ್ಗೆ ಅವರು ಸಂತೋಷಪಟ್ಟ ಏಕೈಕ ದಿನ ಅದು. ಅವತ್ತೇ ಟೆಲಿಗ್ರಾಂ ಕೊಟ್ಟಿದ್ದರೆ ಏನಾದರೂ ಆಗುತ್ತಿತ್ತೇ? ವಾರ ತಡವಾದರೂ ಒಳ್ಳೆಯ ಆಟಗಾರನನ್ನು ಯಾರಾದರೂ ಬೇಡವೆನ್ನುತ್ತಾರೆಯೇ? ಇಷ್ಟು ವರ್ಷವಾದರೂ ನನಗೆ ಗೊತ್ತಿಲ್ಲ. ಗೊತ್ತಾಗುವ ದಾರಿಯನ್ನು ನಾನೇ ಮುಚ್ಚಿದೆ.

ಅಪ್ಪ ಬೆಂಗಳೂರಿಗೆ ಕಾರ್ಡು ಬರೆದರು, ಕಲ್ಕತ್ತದವರು ಹೊಗಳಿ ಬರೆದಿದ್ದಾರೆ ಎಂದು. ಮೂರನೆಯ ದಿನ ಅಣ್ಣ ಓಡಿಬಂದ. ಚಪ್ಪಲಿಯನ್ನೂ ಸರಿಯಾಗಿ ಬಿಡದೆ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋದ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತ. ಪ್ರಯಾಣದ ಧೂಳಿಗೆ ಹುಬ್ಬು ಕೆಂಪಾಗಿತ್ತು.

"ಕಾಗದ ಎಲ್ಲೈತೆ ಪುಟ್ಟಿ? ತೋರ್ಸು."

"ಸಿಗ್ತಿಲ್ಲ ಕಣೋ. ಎಲ್ಲೋ ಬಿದ್ದೋಗೈತೆ."

"ಸರಿ, ಬಾಯಾಗೆ ಹೇಳು. ಕರ್ದವ್ರಾ? ಇಲ್ವಾ?"

ಅವನು ನನ್ನ ಇಂಗ್ಲಿಷನ್ನು ದೇವರ ಹಾಗೆ ನಂಬಿದ್ದ. ಒಂದು ಸುಳ್ಳು ಹೇಳಿದವಳಿಗೆ ಎರಡನೆಯದು ಕೈಗೆಟುಕುವ ಹಾಗೆ ಇರುತ್ತದೆ. ಬೋರ್ಡಿಂಗಿನಲ್ಲಿ ಪ್ರತಿ ಟರ್ಮಿಗೂ ನನ್ನ ಗಣಿತದ ಮುಂದೆ ಸಿಸ್ಟರ್ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದ ಮಾತು ಬಾಯಿಗೆ ಬಂತು.

"ಚೆನ್ನಾಗಿ ಆಡ್ತಾನೆ, ಆದ್ರೆ 'ಕುಡ್ ಡೂ ಬೆಟರ್' ಅಂತ ಬರ್ದಿದ್ರು. ಅಂದ್ರೆ, ಇನ್ನೂ ಸುಧಾರಿಸಬೇಕು. ಈಗ್ಲೇ ತಗಳಾಕಾಗಲ್ಲ ಅಂತ."

"ಕುಡ್ ಡೂ ಬೆಟರ್," ಎಂದು ಅವನು ನಿಧಾನವಾಗಿ ಹೇಳಿ ನೋಡಿದ, ಉಚ್ಚಾರ ಸರಿಯಿದೆಯೇ ಎನ್ನುವ ಹಾಗೆ. ಆಮೇಲೆ ಎದ್ದು ಬಾವಿಯಿಂದ ನೀರು ಸೇದಿ ಮುಖ ತೊಳೆದ. ಬಹಳ ಹೊತ್ತು ತೊಳೆದ.

ಕಾಗದ ನನ್ನ ಟ್ರಂಕಿನ ತಳದಲ್ಲಿತ್ತು. ಜೂನ್‌ನಲ್ಲಿ ನೀಡಲ್‌ವರ್ಕ್ ಕ್ಲಾಸಿಗೆ ಅದನ್ನು ಒಯ್ದು, ಮಗುವಿನ ಫ್ರಾಕಿನ ತೋಳಿಗೆ ಪ್ಯಾಟರ್ನ್ ಕತ್ತರಿಸಿದೆ. ಬಾಂಡ್ ಪೇಪರು ಚೆನ್ನಾಗಿ ಕತ್ತರಿಸಲು ಬರುತ್ತದೆ. ಸಿಸ್ಟರ್ ನನ್ನ ನೀಟ್‌ನೆಸ್ ನೋಡಿ ಬೋರ್ಡಿನ ಮೇಲೆ ಸಿಕ್ಕಿಸಿದರು.

ಅಣ್ಣ ಮತ್ತೆ ಎಂಟು ವರ್ಷ ಆಡಿದ. ಅದನ್ನು ಕೆರಿಯರ್ ಎನ್ನುವುದಾದರೆ ಎನ್ನಬಹುದು. ಮೇಷ್ಟ್ರು ಒಮ್ಮೆ ಬೆಂಗಳೂರಿಗೆ ಹೋಗಿ ಮ್ಯಾಚ್ ನೋಡಿ ಬಂದು ಅವ್ವನ ಹತ್ತಿರ ಸಂಕಟಪಟ್ಟರಂತೆ. "ಹುಡುಗ ತಿರುಗೋದನ್ನೇ ಬಿಟ್ಟಿದ್ದಾನಮ್ಮ. ಬಾಲ್ ಬಂದ್ರೆ ಹಿಂದಕ್ಕೇ ಕೊಡ್ತಾನೆ, ತಪ್ಪಾಗಬಾರ್ದು ಅಂತ." ಸುಧಾರಿಸಬೇಕು ಎಂದವರಿಗೆ ಅವನು ತಪ್ಪಿಲ್ಲದ ಆಟ ತೋರಿಸಲು ಹೊರಟಿದ್ದ. ತಪ್ಪಿಲ್ಲದ ಹಾಫ್‌ನನ್ನು ಯಾರೂ ಕರೆಯಲಿಲ್ಲ. ಕಲ್ಕತ್ತದ ಆ ಹಿರಿಯರು ಇನ್ನೊಮ್ಮೆ ಬೆಂಗಳೂರಿಗೆ ಬಂದಾಗ, ಆಟ ಸಾಲದವನು ಎನಿಸಿಕೊಂಡೆನಲ್ಲ ಎಂದು ಅಣ್ಣ ತಲೆ ತಗ್ಗಿಸಿಕೊಂಡು ಪಕ್ಕದಿಂದ ಹೋದನಂತೆ. ಉತ್ತರವನ್ನೇ ಕೊಡದವನು ಎಂದು ಅವರೂ ಮಾತನಾಡಿಸಿರಲಿಕ್ಕಿಲ್ಲ. ಹೊಸ ಹುಡುಗರು ಬಂದರು, ಇವನು ಬೆಂಚಿಗೆ ಹೋದ. ಅಪ್ಪ ತೀರಿಕೊಂಡಾಗ ಕಾರ್ಖಾನೆ ಬಿಟ್ಟು ಬಂದು ಅಂಗಡಿಯ ಗಾದಿಯ ಮೇಲೆ ಕೂತ.

ಅಷ್ಟರಲ್ಲಿ ನನ್ನನ್ನು ಜಗಳೂರಿಗೆ ಕೊಟ್ಟಾಗಿತ್ತು. ಅಲ್ಲಿಯ ಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ನಾನು. ಮಕ್ಕಳ ಪ್ರೋಗ್ರೆಸ್ ಕಾರ್ಡಿನಲ್ಲಿ ರಿಮಾರ್ಕ್ಸ್ ಕಾಲಂ ಬಂದಾಗ 'ಗುಡ್' ಎಂದಷ್ಟೇ ಬರೆದು ಮುಗಿಸುತ್ತಿದ್ದೆ. ಹೆಡ್‌ಮಿಸ್ಟ್ರೆಸ್ ಕರೆದು, ಎಲ್ಲರೂ ಗುಡ್ ಹೇಗಾಗುತ್ತಾರೆ ಎಂದು ಕೇಳಿದ್ದೂ ಉಂಟು.

ಒಂದು ಭಾನುವಾರ ಮಧ್ಯಾಹ್ನ ತವರಿಗೆ ಹೋಗಿದ್ದೆ. ಪಡಸಾಲೆಗೆ ಹೊಸದಾಗಿ ಟೀವಿ ಬಂದಿತ್ತು, ಯಾವುದೋ ದೇಶಗಳ ಫುಟ್ಬಾಲ್ ತೋರಿಸುತ್ತಿದ್ದರು. ಅಂಗಡಿಗೆ ಬಂದಿದ್ದ ಹೊನ್ನಾಳಿಯ ಗಿರಾಕಿಯೊಬ್ಬ ಅಲ್ಲೇ ಕೂತು ನೋಡುತ್ತಾ ಕೇಳಿದ.

"ಅಲ್ರೀ ರುದ್ರಣ್ಣ, ನೀವು ಭಾರೀ ಆಡ್ತಿದ್ರಂತೆ. ಕಲ್ಕತ್ತಕ್ಕೆ ಯಾಕ್ರೀ ಹೋಗ್ಲಿಲ್ಲ?"

"ಆಟ ಸಾಲ್ದು ಅಂತ ಬರ್ದಿದ್ರಪ್ಪ," ಎಂದು ಅಣ್ಣ ನಕ್ಕ. "ಕುಡ್ ಡೂ ಬೆಟರ್. ಸರಿಯಾಗೇ ಬರ್ದಿದ್ರು ಬಿಡು."

ಸರಿಯಾಗೇ ಬರೆದಿದ್ದರು. ಅದನ್ನು ಕೇಳಿ ನಾನು ಕೂರಲಾರದೆ ಹೋದೆ. ಗಿರಾಕಿ ಹೋದಮೇಲೆ, ಅವನು ಸೀರೆಯ ಕಟ್ಟು ಮಡಿಸುತ್ತಾ ಕೂತಿದ್ದಾಗ, ಎಲ್ಲವನ್ನೂ ಹೇಳಿದೆ. ಕಪಾಟು, ತಾರೀಕು, ಹಿತ್ತಿಲಲ್ಲಿ ಹೇಳಿದ ಸುಳ್ಳು, ಫ್ರಾಕಿನ ತೋಳು. ಅವನು ಮಡಿಸುವುದನ್ನು ನಿಲ್ಲಿಸಲಿಲ್ಲ. ಅಂಚಿಗೆ ಅಂಚು ಕೂಡಿಸಿ, ಸೆರಗು ಮೇಲೆ ಬರುವ ಹಾಗೆ ಇಟ್ಟ.

"ಯುಗಾದಿಗೆ ನಾನು ಬಂದಾಗ ಕಾಗದ ಮನ್ಯಾಗಿತ್ತಾ?"

"ಇತ್ತು."

ಇನ್ನೊಂದು ಸೀರೆ ತೆಗೆದುಕೊಂಡ.

"ಅದ್ರಾಗೆ ಪೊಸಿಷನ್ ಏನಂತ ಬರ್ದಿದ್ರು? ರೈಟಾ? ಸೆಂಟ್ರಲ್ಲಾ?"

"ಸೆಂಟ್ರಲ್. ಸೆಂಟ್ರಲ್ ಮಿಡ್‌ಫೀಲ್ಡ್ ಅಂತಿತ್ತು."

ಹೌದು, ಅಲ್ಲೇ ಸರಿ ಎನ್ನುವ ಹಾಗೆ ತಲೆಯಾಡಿಸಿದ. ಬಯ್ಯುತ್ತಾನೆ ಎಂದು ಕಾದೆ. ಅಳುತ್ತಾನೇನೋ ಎಂದೂ ಕಾದೆ. ಅವನು ಕೊನೆಯ ಸೀರೆಯನ್ನು ಕಟ್ಟಿನ ಮೇಲಿಟ್ಟು ಎದ್ದು ನಿಂತ.

"ಏಳ್ರಿ, ಊಟಕ್ಕೆ ಹೊತ್ತಾತು. ಬಸ್ಸಿಗೆ ತಡ ಆಗ್ತೈತೆ ನಿಮ್ಗೆ."

ಅವತ್ತಿನಿಂದ ನಾನು ತವರಿಗೆ ಹೋದಾಗಲೆಲ್ಲ ಅಣ್ಣ ಗಾದಿ ಬಿಟ್ಟು ಎದ್ದು ನಿಲ್ಲುತ್ತಾನೆ. ಒಳಗಿನಿಂದ ಕುರ್ಚಿ ತರಿಸುತ್ತಾನೆ. ನೀರು, ಟೀ, ಬೀಗರಿಗೆ ಕೊಡುವ ಹಾಗೆ ತಟ್ಟೆಯಲ್ಲಿ ಬಾಳೆಹಣ್ಣು. ಗೌರಿ ಹಬ್ಬಕ್ಕೆ ಒಳ್ಳೆಯ ಸೀರೆಯನ್ನೇ ಆರಿಸಿ ಹೆಂಡತಿಯ ಕೈಯಲ್ಲಿ ಕೊಡಿಸುತ್ತಾನೆ. ಜಗಳೂರಿನಲ್ಲಿ ಮಳೆ ಹೇಗೆ, ಯಜಮಾನರ ಆರೋಗ್ಯ ಹೇಗೆ ಎಂದು ಕೇಳಿ, ನಾನು ಉತ್ತರ ಮುಗಿಸುವವರೆಗೆ ಮರ್ಯಾದೆಯಿಂದ ಕಾಯುತ್ತಾನೆ. ಅತ್ತಿಗೆಗೆ ಏನೂ ಗೊತ್ತಿಲ್ಲ, ಅವಳಿಗೆ ಇದೊಂದು ಹೆಮ್ಮೆ. ಪಕ್ಕದ ಮನೆಯವರು ಬಂದರೆ ನನ್ನ ಎದುರಿಗೇ ಹೇಳುತ್ತಾಳೆ.

"ಒಡಹುಟ್ಟಿದ ತಂಗಿಗೆ ಇಷ್ಟು ಮರ್ಯಾದೆ ಕೊಡೋ ಅಣ್ಣನ್ನ ಎಲ್ಲಾದ್ರೂ ನೋಡೀರೇನ್ರೀ? ಓದಿದೋರು ಅಂದ್ರೆ ನಮ್ಮೆಜಮಾನ್ರಿಗೆ ಅಷ್ಟು."

ನಾನು ಕುರ್ಚಿಯಲ್ಲಿ ಕೂತು, ಹೌದು ಎನ್ನುತ್ತೇನೆ. ಯುಗಾದಿಯ ಊಟಕ್ಕೆ ಕೂತಾಗ ಅವಳು ಇನ್ನೊಂದು ಹೋಳಿಗೆ ಹಾಕಲು ಬಂದರೆ ಬೇಡ ಎನ್ನುವುದಿಲ್ಲ.